ಸದ್ದು ನಿಂತ ಪಿಕಪ್

ಕಮಾನು ಮೇಸ್ತ್ರಿಗೆ ಗಾಡಿಗಳ ಸ್ಪ್ರಿಂಗ್ ಪಟ್ಟಿ ಕಟ್ಟುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ತಗಡಿನ ಶೆಡ್ಡು, ಗ್ರೀಸು ಮೆತ್ತಿದ ಅದೇ ಸ್ಟೂಲು. ರಿಪೇರಿ ಮುಗಿದ ಮೇಲೆ ಅವನು ಸ್ಟೀರಿಂಗ್ ಹಿಡಿಯುತ್ತಿರಲಿಲ್ಲ. ಹಿಂದೆ, ಸಾಮಾನು ತುಂಬುವ ಕಡೆ ಬರಿ ತಗಡಿನ ಮೇಲೆ ಕೂತು, ಗಾಡಿಯವನಿಗೆ ಓಡಿಸಲು ಹೇಳಿ ಕಣ್ಣು ಮುಚ್ಚುತ್ತಿದ್ದ. ಮೇಸ್ತ್ರಿಯ ಬುದ್ಧಿಯೆಲ್ಲ ಸೊಂಟದಲ್ಲಿದೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ನಗುತ್ತಿದ್ದ.

ಅವನ ಅಳಿಯ ಕಲ್ಲುಕ್ವಾರಿಗೆ ಪಿಕಪ್ಪಿನಲ್ಲಿ ನೀರಿನ ಕ್ಯಾನು ಸಾಗಿಸುತ್ತಿದ್ದ. ಕ್ವಾರಿ ದಾರಿಯ ಕಲ್ಲುಗಳು ಗಾಡಿಯ ಹೊಟ್ಟೆಗೆ ತಾಗುತ್ತವೆ, ನಾಲ್ಕು ಇಂಚು ಎತ್ತರಿಸಿಕೊಡಿ ಎಂದು ಕೇಳಿದ. ಮೇಸ್ತ್ರಿ ಎರಡೇ ಇಂಚು ಸಾಕೆಂದ. ಅದಕ್ಕೂ ಉದ್ದನೆಯ ಶಾಕ್ ಅಬ್ಸಾರ್ಬರ್ ಬೇಕು, ತರಿಸಲು ವಾರ ಹಿಡಿಯುತ್ತದೆ ಎಂದ. ಅಳಿಯನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೇರೆ ಕಡೆ ಹೋಗಿ ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಕೊಡಿಸಿ, ಎತ್ತರಿಸಿದ ಗಾಡಿಯನ್ನು ತೋರಿಸಲು ತಂದ.

ಮಗಳೂ ಬಂದಿದ್ದಳು. ಅವಳಿಗೆ ಏಳು ತಿಂಗಳು. ಮೊದಲನೆಯದು ಆರರಲ್ಲೇ ಹೋಗಿತ್ತು. ಈ ಸಲ ವಾರಕ್ಕೊಮ್ಮೆ ಇದೇ ಗಾಡಿಯಲ್ಲಿ ಬೆಟ್ಟ ಇಳಿದು ಆಸ್ಪತ್ರೆಗೆ ಹೋಗಬೇಕಿತ್ತು.

"ಹತ್ತೋಕೆ ಏಣಿ ಬೇಕಪ್ಪ. ಇವ್ರಿಗೆ ಗಾಡಿ ಸಾಲ್ದು, ಮಹಡಿ ಬೇಕಂತೆ," ಎಂದು ಬಾಗಿಲು ಹಿಡಿದು ಇಳಿದಳು.

ಮೇಸ್ತ್ರಿ ಅವಳನ್ನು ನೆರಳಿನಲ್ಲಿ ಕೂರಿಸಿ ಹಿಂದೆ ಹತ್ತಿದ. ಡಾಂಬರಿನ ಮೇಲೆ ಏನೂ ಅನಿಸಲಿಲ್ಲ. ಮೊದಲ ಗುಂಡಿಗೆ ಟಕ್ ಎಂದಿತು. ಏಟು ಸೊಂಟದಿಂದ ಹಲ್ಲಿನವರೆಗೆ ಬಂತು. ತಿರುವಿನಲ್ಲಿ ಗಾಡಿ ಮೈಯೆಲ್ಲ ಒಂದು ಕಡೆ ವಾಲಿ, ಮತ್ತೆ ನೇರವಾಗಲು ಹೊತ್ತು ತೆಗೆದುಕೊಂಡಿತು.

ಹಳೆಯ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡುಬಿಟ್ಟಿದೆ, ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅದನ್ನು ಕಿತ್ತಂತೆ ಎಳೆಯುತ್ತದೆ, ಈ ಗಾಡಿಯಲ್ಲಿ ಅವಳನ್ನು ಕೂರಿಸಬೇಡಿ ಎಂದು ಅಳಿಯನಿಗೆ ಬಿಡಿಸಿ ಹೇಳಿದ. ಹೊಸದರಲ್ಲಿ ಸದ್ದು ಇದ್ದದ್ದೇ, ಓಡ್ತಾ ಓಡ್ತಾ ಪಳಗುತ್ತೆ ಎಂದು ಅಳಿಯ ನಕ್ಕ. ಮದುವೆಯಾದಾಗಿನಿಂದ ಅಳಿಯನನ್ನು 'ನೀವು' ಎಂದೇ ಮಾತಾಡಿಸಿದ್ದ ಮೇಸ್ತ್ರಿ ಅದಕ್ಕಿಂತ ಗಟ್ಟಿಯಾಗಿ ಹೇಳಲಾರದೆ ಹೋದ. ಆ ದಿನವೇ ಉದ್ದನೆಯದನ್ನು ತರಿಸಲು ಹೇಳಿಕಳಿಸಿದ.

ನಾಲ್ಕನೆಯ ದಿನ ಬೆಳಗ್ಗೆ ಅಳಿಯನ ಫೋನು ಬಂತು. ದನಿಯಲ್ಲಿ ಗೆಲುವಿತ್ತು. "ನಾನು ಹೇಳಿರ್ಲಿಲ್ವಾ ಮಾವ? ನಿನ್ನೆ ಸಂಜೆಯಿಂದ ಸದ್ದೇ ಇಲ್ಲ."

ಆಮೇಲೆ ಮಗಳು ಫೋನು ತೆಗೆದುಕೊಂಡಳು. "ಹೌದಪ್ಪ, ತೊಟ್ಟಿಲಲ್ಲಿ ಕೂತ ಹಾಗಿದೆ. ನಿದ್ದೆ ಬರ್ತಿದೆ."

ಮೇಸ್ತ್ರಿಯ ಕೈಯ ಸ್ಪ್ಯಾನರು ಅಲ್ಲೇ ನಿಂತಿತು. ಗಾಡಿ ತೊಟ್ಟಿಲಿನಂತೆ ತೂಗುವುದು ಶಾಕ್ ಅಬ್ಸಾರ್ಬರ್ ಕಿತ್ತುಹೋದಾಗ ಮಾತ್ರ. ಎಲ್ಲಿದ್ದೀರಿ ಎಂದು ಕೇಳಿದ. ಆಸ್ಪತ್ರೆಗೆ ಹೊರಟಿದ್ದೇವೆ, ಇಳಿಜಾರು ಇನ್ನೇನು ಬಂತು ಎಂದಳು.

"ಅವನ ಕೈಗೆ ಕೊಡು." ಫೋನು ಕೈ ಬದಲಾಯಿತು. "ಗಾಡಿ ನಿಲ್ಲಿಸೋ. ಈಗ್ಲೇ ನಿಲ್ಲಿಸು."

ಆ ಏಕವಚನಕ್ಕೆ ಅಳಿಯ ಎದುರಾಡಲಿಲ್ಲ. ಕೈಬ್ರೇಕು ಎಳೆದ ಸದ್ದು ಫೋನಿನಲ್ಲೇ ಕೇಳಿತು.

ಮೇಸ್ತ್ರಿ ಬೈಕಿನಲ್ಲಿ ಹೋದಾಗ ಪಿಕಪ್ಪು ಇಳಿಜಾರಿನ ತಲೆಯಲ್ಲಿತ್ತು. ಮಗಳು ದೂರದ ಕಲ್ಲಿನ ಮೇಲೆ ಕೂತಿದ್ದಳು. ಅಳಿಯ ಮುಖ ಊದಿಸಿಕೊಂಡು ನಿಂತಿದ್ದ. ಮೇಸ್ತ್ರಿ ಚಕ್ರಗಳಿಗೆ ಕಲ್ಲು ಕೊಟ್ಟು ಅಡಿಗೆ ತೆವಳಿದ. ಎರಡೂ ಕಡೆಯ ಶಾಕ್ ಅಬ್ಸಾರ್ಬರ್ ಕಿತ್ತುಹೋಗಿತ್ತು. ಜೋತಾಡುತ್ತಿದ್ದ ಒಂದರ ತುದಿ ಬ್ರೇಕಿನ ಪೈಪನ್ನು ಉಜ್ಜಿ ಉಜ್ಜಿ ಹೊಳಪು ಬರಿಸಿತ್ತು. ಅಲ್ಲಿ ಬೆರಳಿಟ್ಟ. ಬೆರಳು ಒದ್ದೆಯಾಯಿತು.

"ಇದೊಂದು ಇಳಿದ್ರೆ ಆಸ್ಪತ್ರೆನೇ ಬಂತಲ್ಲ ಮಾವ," ಎಂದ ಅಳಿಯ.

ಮೇಸ್ತ್ರಿ ಎದ್ದು ಬಾಗಿಲು ತೆರೆದು ಹಿಡಿದ. "ಕೂತ್ಕೊಂಡು ಬ್ರೇಕ್ ಒತ್ತಿ ನೋಡಿ."

ಅಳಿಯ ಒತ್ತಿದ. ಮತ್ತೊಮ್ಮೆ ಒತ್ತಿದ. ಮೂರನೆಯ ಸಲ ಪೆಡಲು ನೆಲ ಮುಟ್ಟಿತು, ಮೇಲೆ ಬರಲಿಲ್ಲ. ಅವನು ಕಾಲು ತೆಗೆಯದೆ, ಕಲ್ಲಿನ ಮೇಲೆ ಹೊಟ್ಟೆಗೆ ಕೈ ಆನಿಸಿ ಕೂತಿದ್ದ ಹೆಂಡತಿಯನ್ನೇ ನೋಡುತ್ತಿದ್ದ.