ಮೊದಲ ಸುಣ್ಣ, ಆಮ್ಯಾಲೆ ಮಡಚೂದು

ಶಿಗ್ಗಾಂವಿಯ ಕಾಲೇಜಿನಲ್ಲಿ ನಮಗೆ ಕ್ವಾಂಟಮ್ ಭೌತಶಾಸ್ತ್ರ ಕಲಿಸಿದ ಸರ್ ದಿನಾ ಸವಣೂರಿನಿಂದ ಬಸ್ಸಿಗೆ ಬರುತ್ತಿದ್ದರು. ಅಂಗೈಯನ್ನೇ ವೀಳ್ಯದೆಲೆ ಮಾಡಿಕೊಂಡು, ಬೆರಳಿನಿಂದ ಸವರುತ್ತ ಹೇಳುವರು: "ಮೊದಲ ಸುಣ್ಣ, ಆಮ್ಯಾಲೆ ಮಡಚೂದು. ತರಂಗ ಫಲನಾನ ಮೊದಲ ಸಂವೇಗದ ರೂಪಕ್ಕ ತಿರುವ್ರಿ, ಆಮ್ಯಾಲೆ ವರ್ಗ ಮಾಡ್ರಿ. ಸಂಭವನೀಯತೆ ಸಿಗತೈತಿ."

ಆ ಬೆರಳು, ಆ ಮೂಗಿನ ಧ್ವನಿ ನನಗೆ ಬಾಯಿಪಾಠ. ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. ಆ ಪೇಪರಿನಲ್ಲಿ ಒಮ್ಮೆ ನಪಾಸಾಗಿದ್ದೆ. ಮರುಪರೀಕ್ಷೆಯ ಹಿಂದಿನ ದಿನ ಗೆಳೆಯರನ್ನು ನಗಿಸಲು ಸರ್ ಆಗಿ ನಿಂತು ಹಲಗೆಯ ಮೇಲೆ ಇಡೀ ಲೆಕ್ಕ ಬಿಡಿಸಿದೆ. ನಗು ತಟ್ಟನೆ ನಿಂತಿತು. ಬಾಗಿಲಲ್ಲಿ ಅವರೇ ಇದ್ದರು.

"ತಪ್ಪಾತ್ರಿ ಸರ್," ಎಂದೆ, ಅವರದೇ ಧ್ವನಿಯಲ್ಲಿ. ನನ್ನದು ಆ ಹೊತ್ತಿಗೆ ಸಿಗಲಿಲ್ಲ.

"ತಪ್ಪಾಗೇತಿ, ಎರಡನೇ ಸಾಲಿನ್ಯಾಗ. ಮೊದಲ ವರ್ಗ ಮಾಡೀಯಲ್ಲೋ! ನಾ ಯಾವಾಗ ಹಂಗ ಮಾಡೇನಿ?"

"ಮಾಡಿದ್ರ ಏನಾಕ್ಕೈತ್ರಿ?"

"ಅಲೆ ಎತ್ತ ಹೊಂಟೇತಿ ಅನ್ನೂದ ಅಳಿಸಿ ಹೋಗತೈತಿ. ಇನ್ನೊಮ್ಮೆ ನಾನಾಗು, ಈ ಸಲ ಪೂರ್ತಿ ಆಗು."

ಮರುದಿನ ಪರೀಕ್ಷೆಯಲ್ಲಿ ಅಂಗೈಗೆ ಇಲ್ಲದ ಸುಣ್ಣ ಸವರುತ್ತ ಬರೆದೆ. ಮೇಲ್ವಿಚಾರಕರು ಅನುಮಾನದಿಂದ ಬಂದು ಅಂಗೈ ಬಿಡಿಸಿ ನೋಡಿದರು. ಖಾಲಿಯಿತ್ತು. ಪಾಸಾದೆ; ಹೇಗೆಂಬುದು ಇಂದಿಗೂ ಅರ್ಥವಾಗಿಲ್ಲ.