ಗ್ಯಾರೇಜಿಗೊಂದು ಬೆಚ್ಚನೆಯ ಉಪಾಯ

ಅರಬ್ ದೇಶದಲ್ಲಿ ಕುಳಿತು ‘ಒಂದು ಹೀಟರ್ ಕೊಳ್ಳಬೇಕಾಗಿದೆ’ ಎಂದು ಊರಿಗೆ ಫೋನು ಮಾಡಿ ಹೇಳಿದವನಿಗೆ ಎಂಥ ಮರ್ಯಾದೆ ಸಿಗುತ್ತದೆಂದು ನನಗೆ ಸ್ವಾನುಭವದಿಂದ ಗೊತ್ತು. ಉಡುಪಿಯಲ್ಲಿರುವ ನನ್ನ ಅಣ್ಣ ಅತ್ತಿಗೆಯನ್ನು ಕರೆದು, ಫೋನಿನ ಸ್ಪೀಕರ್ ಹಾಕಿ, ಇನ್ನೊಮ್ಮೆ ಹೇಳು ಎಂದು ಕೇಳಿಕೊಂಡ. ಆಮೇಲೆ ಇಬ್ಬರೂ ಸೇರಿ ನಕ್ಕರು. ಅವರ ಕಲ್ಪನೆಯ ಮರುಭೂಮಿಯಲ್ಲಿ ವರ್ಷದ ಅಷ್ಟೂ ದಿನ ಹಪ್ಪಳ ಒಣಗುತ್ತಿರುತ್ತದೆ. ಆದರೆ ನಾನು ವಾಸಿಸುವ ಅಲ್ ಐನ್ ಎಂಬ ಊರು ಇರುವುದು ಕಡಲಿನಿಂದ ದೂರ, ಬೋಳು ಬೆಟ್ಟದ ಬುಡದಲ್ಲಿ. ಜನವರಿಯ ಮುಂಜಾವಿನಲ್ಲಿ ನಮ್ಮ ಗ್ಯಾರೇಜಿನ ಸಿಮೆಂಟು ನೆಲಕ್ಕೆ ಬರಿಗಾಲು ತಾಗಿಸಿದರೆ ಹಿಂದಿನ ದಿನದ ಊಟವೂ ನೆನಪಿನಿಂದ ಹಾರಿಹೋಗುತ್ತದೆ. ಕರಾವಳಿಯ ಸೆಕೆಯಲ್ಲಿ ಹುಟ್ಟಿ, ಗಲ್ಫಿನ ಬಿಸಿಲಿನಲ್ಲಿ ನರೆತ ನನ್ನಂಥವನಿಗೆ ಚಳಿಯೆಂಬುದು ಪಠ್ಯಪುಸ್ತಕದ ವಿಷಯವಾಗಿತ್ತೇ ಹೊರತು ಪಾದಗಳ ವಿಷಯವಾಗಿರಲಿಲ್ಲ.

ಗ್ಯಾರೇಜು ಎಂದೆನಷ್ಟೆ. ಮಾಲೀಕರಾದ ಅರಬ್ಬೀ ಹಿರಿಯರು ತಮ್ಮ ಹಳೆಯ ವಿಲ್ಲಾವನ್ನು ಮೂರು ಭಾಗ ಮಾಡಿ ಬಾಡಿಗೆಗೆ ಕೊಟ್ಟಾಗ ಈ ಗ್ಯಾರೇಜು ಅದೃಷ್ಟವಶಾತ್ ನನ್ನ ಪಾಲಿಗೆ ಬಂತು. ಕಾರು ಪಾಪ ಹೊರಗೆ ಬೇವಿನ ಮರದಡಿ ನಿಲ್ಲುತ್ತದೆ. ಒಳಗೆ ನನ್ನ ಮರಗೆಲಸ. ಹೊಟ್ಟೆಪಾಡಿಗೆ ನಾನು ಭಾರತೀಯ ಶಾಲೆಯೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು, ಆತ್ಮಸಂತೋಷಕ್ಕೆ ಬಡಗಿ. ನನ್ನ ಬಡಗಿತನದ ಬಗ್ಗೆ ಇಷ್ಟು ಹೇಳಿದರೆ ಸಾಕು: ನಾನು ಮಾಡಿದ ಮೊದಲ ಸ್ಟೂಲಿನ ಮೇಲೆ ಇಂದಿನವರೆಗೆ ಯಾರೂ ಕುಳಿತಿಲ್ಲ. ಒಂದು ಮನಿಪ್ಲಾಂಟ್ ಕುಳಿತಿದೆ, ಅದೂ ಗೋಡೆಗೆ ಒರಗಿಕೊಂಡು.

ಇಂಥವನು ಒಂದು ತೊಟ್ಟಿಲು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ವಿಲ್ಲಾದ ಮಾಳಿಗೆಯ ಭಾಗದಲ್ಲಿ ಕಾರ್ಕಳದ ಕಡೆಯ ಪ್ರವೀಣ, ಶ್ವೇತಾ ಎಂಬ ಎಳೆಯ ದಂಪತಿ ಇದ್ದರು. ಅವನಿಗೆ ಔಷಧದ ಅಂಗಡಿಯಲ್ಲಿ ಕೆಲಸ, ಅವಳು ಆಸ್ಪತ್ರೆಯಲ್ಲಿ ನರ್ಸು. ಶ್ವೇತಾಳಿಗೆ ಹಿಂದೆ ಒಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಯಾರೂ ಮುಂಚಿತವಾಗಿ ಏನನ್ನೂ ಕೊಳ್ಳಕೂಡದೆಂದು ನನ್ನ ಹೆಂಡತಿ ವಸಂತಿಯ ಕಟ್ಟಪ್ಪಣೆ. ನಾನಾದರೋ ಕೊಳ್ಳುವುದಲ್ಲ, ಮಾಡುವುದು ಎಂದು ವಾದಿಸಿ ಸನಾಯ್ಯದಿಂದ, ಎಂದರೆ ಊರ ಹೊರಗಿನ ವರ್ಕ್‌ಶಾಪುಗಳ ಕೇರಿಯಿಂದ, ಸಾಗುವಾನಿ ಹಲಗೆ ತಂದಿಟ್ಟಿದ್ದೆ. ಮಗುವೋ ಎಲ್ಲರ ಲೆಕ್ಕಾಚಾರ ತಪ್ಪಿಸಿ, ಊರಿನಿಂದ ಬರಬೇಕಿದ್ದ ಅಜ್ಜಿಯ ಟಿಕೆಟಿಗೂ ಮೊದಲೇ ಬಂದುಬಿಟ್ಟಿತು. ಅಂಗೈಯಲ್ಲಿ ಹಿಡಿಸುವಂಥ ಗಂಡುಮಗು. ಅದನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸಿದ್ದರು. ವಾರಗಳ ನಂತರ, ಬರುವ ಗುರುವಾರ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದಾಗ ವಸಂತಿ ದೇವರ ಮುಂದೆ ದೀಪ ಹಚ್ಚಿ, ಶುಕ್ರವಾರ ರಜೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯಿಸಿದಳು. ತೊಟ್ಟಿಲು ಮಾಡುವವನನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ತೊಟ್ಟಿಲು ಬಹುಪಾಲು ಸಿದ್ಧವಿತ್ತು. ಸಿದ್ಧವಿಲ್ಲದ್ದು ಅಂಟು. ಬದಿಯ ಮರದ ಕಂಬಿಗಳನ್ನೆಲ್ಲ ತೂತಿಗಿಳಿಸಿ ಅಂಟಿನಿಂದ ಕೂರಿಸಬೇಕು. ಅಷ್ಟು ಸಪೂರ ಕಂಬಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಒಂದು ಬದಿಯನ್ನು ಕೂರಿಸಿ ಮರುದಿನ ಬೆಳಿಗ್ಗೆ ಹಿಡಿದೆಳೆದು ನೋಡಿದೆ. ಕಂಬಿ ಸಲೀಸಾಗಿ ಕೈಗೆ ಬಂತು. ತೂತಿನೊಳಗಿನ ಅಂಟು ಗಟ್ಟಿಯಾಗುವ ಬದಲು ಸುಣ್ಣದ ಪುಡಿಯಾಗಿ ಉದುರಿತು. ಡಬ್ಬಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಕನ್ನಡಕ ಒರೆಸಿಕೊಂಡು ಓದಿದಾಗ ತಿಳಿದದ್ದು, ಇಷ್ಟು ಚಳಿಯಲ್ಲಿ ಈ ಅಂಟು ಹಿಡಿಯುವುದಿಲ್ಲ ಎಂದು. ನನಗೆ ನಿಜಕ್ಕೂ ಭಯವಾಯಿತು. ಸ್ಟೂಲು ಮುರಿದರೆ ಮನಿಪ್ಲಾಂಟ್ ಬೀಳುತ್ತದೆ, ಅಷ್ಟೆ. ಇದರಲ್ಲಿ ಮಲಗುವುದು ಅಂಗೈಯಷ್ಟರ ಮಗು.

ಗ್ಯಾರೇಜನ್ನು ಬಿಸಿ ಮಾಡಲೇಬೇಕಿತ್ತು. ಹೇಗೆ? ಗಾಳಿ ಊದುವ ಹೀಟರ್ ಅಂಗಡಿಯಲ್ಲಿ ಬಲು ಸುಂದರವಾಗಿ ಕಂಡಿತು. ಆದರೆ ಅದು ಊದಿದರೆ ಮರದ ಹುಡಿಯೆಲ್ಲ ಎದ್ದು ಅದರ ಕಾದ ತಂತಿಗೇ ಹೋಗಿ ಬೀಳುತ್ತದೆ. ಎಣ್ಣೆ ತುಂಬಿದ, ಪಕ್ಕೆಲುಬು ಎದ್ದ ಹೀಟರನ್ನು ತಂದು ಹಚ್ಚಿದ ಕೂಡಲೇ, ಮೂರು ಮನೆಯ ಗೀಸರುಗಳನ್ನು ಆಗಲೇ ಹೊತ್ತು ನರಳುತ್ತಿದ್ದ ನಮ್ಮ ವಿಲ್ಲಾದ ಕರೆಂಟು ಖಲಾಸ್ ಆಯಿತು. ಎರಡನೆಯ ಸಲವೂ ಹಾಗೇ ಆದಾಗ ಅದನ್ನು ಅಂಗಡಿಗೆ ಹಿಂದಿರುಗಿಸಿದೆ. ನನ್ನ ಒದ್ದಾಟ ಕಂಡ ಮಾಲೀಕರು, ತಮ್ಮ ಮಜ್ಲಿಸ್ ಎಂಬ ಬೈಠಕ್ ಕೋಣೆಯಲ್ಲಿ ಅತಿಥಿಗಳ ನಡುವೆ ಉರಿಯುವ ಇದ್ದಿಲ ಅಗ್ಗಿಷ್ಟಿಕೆಯನ್ನೇ ಕಳಿಸಿಕೊಡಲು ಮುಂದಾದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಏನು ಮಾಡುತ್ತದೆಂದು ವರ್ಷವರ್ಷ ಮಕ್ಕಳಿಗೆ ಹೇಳುವ ನಾನು ಹೌಹಾರಿ, ಬದಲಿಗೆ ಅವರ ಖಾವಾ ಕಾಫಿ ಕುಡಿದು ಬಂದೆ. ಡಿಸ್ಕವರಿ ಗಾರ್ಡನ್ಸ್ ಎಂಬ ಅಪಾರ್ಟ್‌ಮೆಂಟು ಬಡಾವಣೆಯ ಮೇಲ್ಮಹಡಿಯಲ್ಲಿದ್ದು ಗ್ಯಾರೇಜು ಎಂಬುದನ್ನೇ ಕಾಣದ ಗೆಳೆಯನೊಬ್ಬ ಹೇರ್ ಡ್ರೈಯರ್ ಬಳಸಲು ಸೂಚಿಸಿದ. ಅವನ ತಲೆಯಲ್ಲಿ ಕೂದಲಿಲ್ಲದ್ದರಿಂದ ಅದನ್ನು ನಿಸ್ವಾರ್ಥ ಸಲಹೆಯೆಂದು ಪರಿಗಣಿಸಿದೆ.

ಜ್ಞಾನೋದಯವಾದದ್ದು ಸ್ನಾನದ ಮನೆಯಲ್ಲಿ. ಗಲ್ಫಿನಲ್ಲಿ ಬಾಳಿದವರಿಗೆಲ್ಲ ಗೊತ್ತಿರುವ ಒಂದು ವಿಪರ್ಯಾಸವಿದೆ: ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುವುದರಿಂದ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಆಗ ನಾವೆಲ್ಲ ಗೀಸರನ್ನು ಆರಿಸಿ, ಮನೆಯೊಳಗೆ ನೆರಳಿನಲ್ಲಿರುವ ಅದರ ಹೊಟ್ಟೆಯಲ್ಲಿ ನೀರು ತಣಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಮೀಯುತ್ತೇವೆ. ಬೇಸಿಗೆಯಲ್ಲಿ ಬಿಸಿ ಮಾಡುವ ಯಂತ್ರ ತಂಪು ಕೊಡುವುದಾದರೆ ಚಳಿಗಾಲದಲ್ಲಿ ತಂಪು ಮಾಡುವ ಯಂತ್ರ ಬಿಸಿ ಕೊಡಬಾರದೇಕೆ? ಮೈಗೆ ಹಚ್ಚಿದ ಸೋಪು ತೊಳೆದುಕೊಂಡೆನೋ ಇಲ್ಲವೋ, ಟವೆಲು ಸುತ್ತಿಕೊಂಡೇ ಗ್ಯಾರೇಜಿಗೆ ಓಡಿದೆ. ಅಲ್ಲಿ ಮೂಲೆಯಲ್ಲಿ ಹಳೆಯ ವಿಂಡೋ ಎಸಿಯೊಂದು ನಿವೃತ್ತ ಜೀವನ ನಡೆಸುತ್ತಿತ್ತು. ಗೋಡೆಯಲ್ಲಿ ಅದು ಹಿಂದೆ ಕೂರುತ್ತಿದ್ದ ಚೌಕದ ಕಂಡಿಯೂ ಇತ್ತು. ವಿಂಡೋ ಎಸಿ ಮುಖದಲ್ಲಿ ತಂಪು, ಬೆನ್ನಿನಲ್ಲಿ ಬಿಸಿ ಉಗುಳುತ್ತದೆ. ಅದನ್ನು ಹಿಂದುಮುಂದಾಗಿ ಕೂರಿಸಿದರೆ ಬೆನ್ನಿನ ಬಿಸಿಯೆಲ್ಲ ಗ್ಯಾರೇಜಿಗೆ, ತಂಪು ಅಂಗಳದ ಬೇವಿನ ಮರಕ್ಕೆ! ಹೀಟರಿನಷ್ಟು ಕರೆಂಟೂ ಬೇಡ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಆ ದಿನ ಶಾಲೆಯಲ್ಲಿ ಎರಡು ತರಗತಿಗಳಿಗೆ ಬೇರೆ ಪಾಠವನ್ನೇ ಮಾಡಲಿಲ್ಲ.

ಸಂಜೆ ಪ್ರವೀಣನೂ ನಾನೂ ಏದುಸಿರು ಬಿಡುತ್ತಾ ಅದನ್ನೆತ್ತಿ ತಿರುವುಮುರುವಾಗಿ ಕೂರಿಸಿದೆವು.

“ಅಂಕಲ್, ಹಾಗಾದ್ರೆ ಸ್ವಿಚ್ಚು ಹೊರಗೆ ಆಗ್ತದಲ್ಲ?” ಎಂದ ಅವನು.

ಮಹತ್ಕಾರ್ಯಗಳಲ್ಲಿ ಇಂಥ ಕ್ಷುಲ್ಲಕ ಪ್ರಶ್ನೆ ಸಲ್ಲದೆಂದು ನಾನು ಅಂಗಳಕ್ಕೆ ಹೋಗಿ ಗುಂಡಿ ತಿರುಗಿಸಿದೆ. ಫ್ಯಾನು ಗುಂಯ್‌ಗುಟ್ಟಿತು. ಒಳಗೆ ಓಡಿ ಅದರ ಬೆನ್ನಿಗೆ ಕೈಯೊಡ್ಡಿದರೆ ಬಂದದ್ದು ತಣ್ಣನೆಯ ಗಾಳಿ. ಕಂಪ್ರೆಸರ್ ಮಿಸುಕುತ್ತಿರಲಿಲ್ಲ. ಕಾರಣ ಹೊಳೆದಾಗ ನಾನು ಕಂಡ ಕಂಡ ತರಗತಿಯಲ್ಲಿ ಕಲಿಸಿದ ಥರ್ಮೋಸ್ಟಾಟ್ ನನ್ನನ್ನು ನೋಡಿ ನಗುತ್ತಿರುವಂತೆನಿಸಿತು. ಅಂಗಳದ ಕಡೆ ಮುಖ ಮಾಡಿದ ಎಸಿ, ತಾನು ಮಾಡಬೇಕಾದ ತಂಪೆಲ್ಲ ಅಲ್ಲಿ ಆಗಲೇ ಆಗಿದೆಯೆಂದು ತಿಳಿದು ಕೆಲಸಕ್ಕೇ ಇಳಿಯಲಿಲ್ಲ. ಸೋಲೊಪ್ಪುವುದುಂಟೇ? ಮತ್ತೆ ಅಂಗಳಕ್ಕೆ ಓಡಿ, ಮುಂದಿನ ಜಾಲರಿ ಕಿತ್ತು, ಶಾಖವನ್ನು ಅಳೆಯುವ ಅದರ ತಾಮ್ರದ ತುದಿಯನ್ನು ಮುಷ್ಟಿಯಲ್ಲಿ ಹಿಡಿದೆ. ಅಂಗೈಯ ಬಿಸಿಗೆ ಮೋಸಹೋದ ಎಸಿ ಕೂಡಲೇ ಗುಡುಗಿತು. “ಅಂಕಲ್, ಬಿಸಿ ಬರ್ತಾ ಉಂಟು!” ಎಂದು ಒಳಗಿನಿಂದ ಪ್ರವೀಣ ಕೂಗಿದ. ನನಗೆ ಕುಣಿಯಬೇಕೆನಿಸಿತು, ಆದರೆ ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಎಸಿ ನಿಲ್ಲುತ್ತಿತ್ತು. ಹಿಡಿದರೆ ಅದರ ತಂಪೆಲ್ಲ ನನ್ನ ಎದೆಗೇ ಬೀಸುತ್ತಿತ್ತು. ವಸಂತಿ ಬಾಗಿಲಿಗೆ ಬಂದಾಗ ನಾನು ಕೊರೆಯುವ ಅಂಗಳದಲ್ಲಿ ನಿಂತು, ಹಲ್ಲು ಕಟಕಟಿಸುತ್ತಾ, ಯಂತ್ರಕ್ಕೆ ಬಿಸಿ ಕೊಡುತ್ತಿದ್ದೆ.

“ಎಂತ ಮಾರಾಯ್ರೇ ಇದು? ರಾತ್ರಿಯಿಡೀ ಹೀಗೇ ನಿಲ್ತೀರಾ?”

ಅವಳ ಹಿಂದೆ, ಆಗಷ್ಟೇ ಮಗುವನ್ನು ನೋಡಿ ಆಸ್ಪತ್ರೆಯಿಂದ ಮರಳಿದ ಶ್ವೇತಾ ಶಾಲು ಹೊದ್ದು ನಿಂತಿದ್ದಳು. ಬಹಳ ದಿನಗಳ ಮೇಲೆ ಅವಳು ಬಾಯ್ತುಂಬ ನಕ್ಕದ್ದನ್ನು ಅಂದು ಕಂಡೆ.

“ಅಲ್ಲಿಯೂ ಹೀಗೇ ಅಂಕಲ್,” ಎಂದಳು. “ಈಗ ದಿನಾ ಸ್ವಲ್ಪ ಹೊತ್ತು ಮಗುವನ್ನ ಪೆಟ್ಟಿಗೆಯಿಂದ ತೆಗೆದು ನನ್ನ ಎದೆ ಮೇಲೆ ಮಲಗಿಸ್ತಾರೆ. ಅಮ್ಮನ ಮೈ ಬಿಸಿ ಬೇಕಂತೆ. ನಾನು ಎಷ್ಟು ಮಕ್ಕಳನ್ನ ಹಾಗೆ ಮಲಗಿಸಿದ್ದೇನೆ, ನಂದೇ ಆದಾಗ ಹೇಗೆ ಹಿಡಿಯುವುದಂತ ಮರೆತುಹೋಗ್ತದೆ.”

ವಸಂತಿ ನನ್ನ ಕೈಯನ್ನು ತಾಮ್ರದ ತುದಿಯಿಂದ ಬಿಡಿಸಿ, ತೊಟ್ಟಿಲನ್ನು ನಮ್ಮ ಮಲಗುವ ಕೋಣೆಗೆ ತನ್ನಿ ಎಂದಳು. ಬಾಗಿಲು ಮುಚ್ಚಿದರೆ ಇಬ್ಬರು ಮಲಗಿದ ಕೋಣೆ ತಾನಾಗಿ ಬೆಚ್ಚಗಿರುತ್ತದೆಂಬ ಸರಳ ಸತ್ಯ ನನ್ನ ಯಾವ ಯೋಜನೆಯಲ್ಲೂ ಸುಳಿದಿರಲಿಲ್ಲ. ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಮಂಚದ ಪಕ್ಕದಲ್ಲಿ ಕಂಬಳಿ ಹೊದಿಸಿ ತೊಟ್ಟಿಲನ್ನೇ ಮಲಗಿಸಿದೆವು. ಕೋಣೆಯೆಲ್ಲ ಅಂಟಿನ ವಾಸನೆ. ಬೆಳಿಗ್ಗೆ ನೋಡಿದರೆ ಕಂಬಿಗಳು ಬಂಡೆಯಂತೆ ಕೂತಿದ್ದವು. ಕುಚ್ಚಲಕ್ಕಿಯ ಮೂಟೆ ಹಾಕಿ ತೂಗಿ ನೋಡಿದರೂ ಒಂದು ಸದ್ದಿಲ್ಲ. ಆ ಸಂತೋಷಕ್ಕೆ ಅಣ್ಣನಿಗೆ ಫೋನು ಮಾಡಿ, ಹೀಟರ್ ಬೇಕಾಗಲಿಲ್ಲ ಎಂದೆ. ಅವನು ಮತ್ತೆ ಸ್ಪೀಕರ್ ಹಾಕಿದ.

ಶುಕ್ರವಾರ ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಎಲ್ಲರೂ ಸೇರಿ ತೊಟ್ಟಿಲಿಗೆ ಹಾಕಿದೆವು. ಅದು ನನ್ನ ಕಲಾಕೃತಿಯನ್ನು ಕಣ್ಣು ಕಿರಿದು ಮಾಡಿ ನೋಡಿತು. ಆಮೇಲೆ ಆ ಪುಟ್ಟ ಗಂಟಲಿನಿಂದ ಎಂಥ ಅಳು! ತೂಗಿದೆವು, ಹಾಡಿದೆವು, ಏನೂ ನಡೆಯಲಿಲ್ಲ. ಶ್ವೇತಾ ಎತ್ತಿಕೊಂಡರೆ ಮೌನ. ಮಲಗಿಸಿದರೆ ಮತ್ತೆ ಅಳು. ಅಷ್ಟು ಕಷ್ಟದಿಂದ ಅಂಟು ಹಿಡಿಸಿದ ತೊಟ್ಟಿಲಿನಲ್ಲಿ ಊಟದ ಹೊತ್ತಿಗೆ ಡಯಾಪರಿನ ಕಟ್ಟುಗಳೂ ಬಂದವರ ಉಡುಗೊರೆಗಳೂ ಸುಖವಾಗಿ ಮಲಗಿದ್ದವು.

ಶ್ವೇತಾಳೂ ಎರಡು ತುತ್ತು ಉಣ್ಣಬೇಕಲ್ಲ. ಮಗುವನ್ನು ಎತ್ತಿಕೊಳ್ಳಲೆಂದು ಸೋಪಿನಲ್ಲಿ ಕೈ ತೊಳೆದು ಬಂದ ನನ್ನನ್ನು ಸೋಫಾದಲ್ಲಿ ಕೂರಿಸಿ, ಅವಳು ಮಗುವನ್ನು ನನ್ನ ಎದೆಯ ಮೇಲೆ ಮೆಲ್ಲಗೆ ಮಲಗಿಸಿದಳು. ಈ ಸಲ ಹೇಗೆ ಹಿಡಿಯುವುದೆಂದು ತಿಳಿಯದೆ ಹೋದದ್ದು ನನಗೆ. ಮಗು ಒಮ್ಮೆ ಮುಲುಕಿ, ನನ್ನ ಅಂಗಿಯ ಗುಂಡಿಯ ಹತ್ತಿರ ಕೆನ್ನೆಯಿಟ್ಟು ನಿದ್ದೆಹೋಯಿತು. ಅಷ್ಟು ದಿನ ಬಿಸಿಯ ಸಾಧನವನ್ನು ಆಯ್ದುಕೊಳ್ಳಲು ಅಂಗಡಿ ಅಂಗಡಿ ಅಲೆದವನನ್ನು ಈ ಪುಟ್ಟ ಜೀವ ತನ್ನ ಬಿಸಿಗೆ ಆಯ್ದುಕೊಂಡಿತ್ತು. ನಿಮಗೂ ಎಲೆ ಹಾಕಿದೆ, ಪಾಯಸ ತಣಿಯುತ್ತದೆ, ಮಗುವನ್ನು ಇತ್ತ ಕೊಡಿ ಎಂದು ವಸಂತಿ ಒಳಗಿನಿಂದ ಕರೆದಳು. ತಣಿಯಲಿ ಎಂದು ಪಿಸುಗುಟ್ಟಿ ನಾನು ಹಾಗೇ ಕುಳಿತೆ.