ಷಡ್ಡಕನ ಸದ್ದಿಲ್ಲದ ಬ್ರೇಕು

ನೂರಾ ಹತ್ತು ರೂಪಾಯಿ ಕೊಟ್ಟು ನನ್ನ ಬೈಕಿನ ಮುಂದಿನ ಡಿಸ್ಕಿಗೆ ಬೇರೆ ಕಂಪನಿಯ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. ಒರಿಜಿನಲ್ಲಿಗೆ ಇನ್ನೂರೈವತ್ತು. ಡಬ್ಬಿಯ ಮೇಲಿನ ಹೆಸರಿಗೆ ಅಷ್ಟು ಯಾಕೆ ಸುರಿಯಬೇಕು? ನಂಜನಗೂಡಿನಲ್ಲಿ ಚೌಕಾಸಿ ಮಾಡಿಯೇ ಅಂಗಡಿ ಕಟ್ಟಿದವನು ನಾನು.

ಆದರೆ ಹೆಮ್ಮಿಗೆಯ ಮಾವನ ಮನೆ ಮುಂದೆ ಬ್ರೇಕ್ ಹಿಡಿದರೆ ಕೀಂ ಎಂದು ಕಿರುಚುತ್ತಿತ್ತು. ಟಿ. ನರಸೀಪುರದ ನನ್ನ ಷಡ್ಡಕನದೂ ಅದೇ ಬೈಕು. ಅದು ಬಂದು ನಿಂತದ್ದೇ ಗೊತ್ತಾಗುತ್ತಿರಲಿಲ್ಲ. ಒಂದು ದಿನ ತಲಕಾಡಿಗೆ ಹೊರಟ ಮಾವ ನನ್ನ ಗಾಡಿಯ ಹತ್ತಿರಕ್ಕೂ ಬರಲಿಲ್ಲ.

“ನಿಮ್ದು ಅಂದಿ ಕೂಗ್ದಂಗೆ ಕೂಗ್ತದೆ ಕಣ್ರೀ. ನಾ ಚಿಕ್ಕಳಿಯಂದ್ರ ಗಾಡೀಲೇ ಓಯ್ತೀನಿ.”

ಮಾವನನ್ನು ಹಿಂದೆ ಕೂರಿಸಿಕೊಂಡು ಊರ ಬೀದಿಯಲ್ಲಿ ಹೋಗುವುದು ಹಿರಿಯಳಿಯನ ಪಟ್ಟ. ಆ ಪಟ್ಟ ಅವನ ಸೀಟಿನ ಮೇಲೆ ಕೂತು ಹೋದದ್ದನ್ನು ಕಂಡು ನನ್ನ ಹೊಟ್ಟೆ ಉರಿದುಹೋಯಿತು. ಅವರು ವಾಪಸ್ಸು ಬಂದ ಮೇಲೆ ತಡೆಯಲಾರದೆ ಕೇಳಿದೆ.

“ಏನಪ್ಪಾ, ಒರಿಜಿನಲ್ ಹಾಕ್ಸಿದ್ದೀಯಾ?”

“ಎಲ್ಲೀ ಒರಿಜಿನಲ್ಲು! ನೀವ್ ಹಾಕ್ಸಿರೋ ಕಂಪ್ನೀದೇ ಕಣಣ್ಣ, ತೊಂಬತ್ತು ರೂಪಾಯಿ. ಹಾಕೋ ಮುಂಚೆ ಅಂಚು ಉಜ್ಜಿಸ್ದೆ, ಅಷ್ಟೇಯ.”

ಮಾವ ಅವನ ಹಿಂದೆ ಕೂತದ್ದಕ್ಕಿಂತ ಅವನು ಉಳಿಸಿದ ಇಪ್ಪತ್ತು ರೂಪಾಯಿ ನನ್ನನ್ನು ಹೆಚ್ಚು ಸುಟ್ಟಿತು.

ನೀವು ಯಾವುದನ್ನೇ ಕೊಳ್ಳಿ, ಹಾಕುವ ಮುಂಚೆ ಪ್ಯಾಡಿನ ಅಂಚನ್ನು ಎಮರಿ ಪೇಪರಿನಲ್ಲಿ ಉಜ್ಜಿಸಿ, ಡಿಸ್ಕಿನ ಧೂಳು ಒರೆಸಿಸಿ. ಕೂಗುತ್ತದೆಂದು ಎಣ್ಣೆ ಮಾತ್ರ ಬಿಡಬೇಡಿ, ಬ್ರೇಕೇ ಹಿಡಿಯುವುದಿಲ್ಲ. ಷಡ್ಡಕನದೂ ಅದೇ ಬೈಕಾಗಿದ್ದರೆ, ದುಡ್ಡು ಬಿಚ್ಚುವ ಮೊದಲು ಅವನು ಎಷ್ಟಕ್ಕೆ ತಂದನೆಂದು ನಾಚಿಕೆಪಡದೆ ಕೇಳಿ.